ತಟ್ಟೆಯ ಸುತ್ತ ನೀರು ಬಿಡುವುದು ಯಾತಕ್ಕೆ?

ಪ್ರಶ್ನೆ: ನನ್ನ ತವರಿನಲ್ಲಿ ಅಜ್ಜ ಊಟಕ್ಕೆ ಕೂತರೆ ಎಲೆಯ ಸುತ್ತ ನೀರು ಬಿಟ್ಟು, ಏನೋ ಹೇಳಿಕೊಂಡು, ನಾಲ್ಕು ಅಗುಳು ಪಕ್ಕಕ್ಕಿಟ್ಟು ಆಮೇಲೆ ಉಣ್ಣುತ್ತಿದ್ದರು. ಉಣ್ಣುವಾಗ ಮಾತಿಲ್ಲ. ಮದುವೆಯಾಗಿ ಬಂದ ಮನೆ ಲಿಂಗಾಯತರದು. ಇಲ್ಲಿ ಅತ್ತೆಯವರು ಲಿಂಗಕ್ಕೆ ಅರ್ಪಿಸದೆ ತುತ್ತು ಬಾಯಿಗಿಡುವುದಿಲ್ಲ, ಕೊನೆಗೆ ತಟ್ಟೆ ತೊಳೆದ ನೀರನ್ನೂ ಕುಡಿಯುತ್ತಾರೆ. ನಮ್ಮದು ಮಾತ್ರ ಮೊಬೈಲ್ ನೋಡುತ್ತ ಊಟ. ಮಗಳು ‘ಮೈಂಡ್‌ಫುಲ್ ಈಟಿಂಗ್’ ಅಂತ ಯಾವುದೋ ವಿಡಿಯೊ ನೋಡಿ, ತುತ್ತಿಗೆ 32 ಸಲ ಅಗಿಯಬೇಕು, ಶಾಸ್ತ್ರದಲ್ಲೂ ಹಾಗೇ ಇದೆ ಅನ್ನುತ್ತಾಳೆ. ಅಜ್ಜ ಮಾಡುತ್ತಿದ್ದುದರ ಅರ್ಥವೇನು, ಸರಿಯಾದ ಕ್ರಮ ಯಾವುದು? ಜನಿವಾರ, ಮಂತ್ರ ಇಲ್ಲದವರು ಮಾಡಬಹುದೇ? ಅಂಗಡಿಯಲ್ಲಿ 20 ನಿಮಿಷದಲ್ಲಿ ಡಬ್ಬಿ ಖಾಲಿ ಮಾಡಬೇಕಾದ ನನ್ನಂಥವರಿಗೆ ಇದು ಆಗುವ ಮಾತೇ? — ಓದುಗರು, ವಿದ್ಯಾನಗರ, ದಾವಣಗೆರೆ

ಉತ್ತರ: ಮೊದಲು ಆ 32ರ ಲೆಕ್ಕ ಮುಗಿಸಿಬಿಡೋಣ. ಆಪಸ್ತಂಬ, ಬೌಧಾಯನ ಧರ್ಮಸೂತ್ರಗಳಲ್ಲಿ ಒಂದು ಹಳೆಯ ಶ್ಲೋಕ ಬರುತ್ತದೆ. ಮುನಿಗೆ 8 ತುತ್ತು, ಕಾಡಿನಲ್ಲಿ ವಾಸ ಮಾಡುವವನಿಗೆ 16, ಸಂಸಾರಿಗೆ 32, ಓದುವ ಹುಡುಗನಿಗೆ ಮಿತಿಯೇ ಇಲ್ಲ. ಇಲ್ಲಿ 32 ಎಂದರೆ ಒಂದು ಊಟಕ್ಕೆ ಎಷ್ಟು ತುತ್ತು ಎಂಬುದು. ಹಲ್ಲಿಗೂ ಅದಕ್ಕೂ ಸಂಬಂಧವಿಲ್ಲ. ಬೆಳೆಯುವ ಹುಡುಗನ ಊಟ ಎಣಿಸಬೇಡಿ, ಮನೆ ಕಟ್ಟಿಕೊಂಡವರು ಎಣಿಸಿಕೊಳ್ಳಿ ಎಂಬುದು ಅದರ ತಾತ್ಪರ್ಯ.

ನಿಧಾನದ ವಿಷಯಕ್ಕೆ ಬಂದರೆ ಆಯುರ್ವೇದದ ಗ್ರಂಥ ಚರಕಸಂಹಿತೆಯಲ್ಲಿ ವಿಮಾನಸ್ಥಾನ ಎಂಬ ಭಾಗದ ಮೊದಲ ಅಧ್ಯಾಯ ನೋಡಬೇಕು. ಊಟ ಬಿಸಿಯಾಗಿರಲಿ, ಜಿಡ್ಡಿನ ಅಂಶ ಇರಲಿ, ಅಳತೆ ಮೀರದಿರಲಿ, ಹಿಂದಿನದು ಜೀರ್ಣವಾದ ಮೇಲೆ ಇರಲಿ ಎಂದೆಲ್ಲ ಹೇಳಿ, ಮಾತಾಡದೆ, ನಗದೆ, ಅದರಲ್ಲೇ ಮನಸ್ಸಿಟ್ಟು ಉಣ್ಣಬೇಕು ಅನ್ನುತ್ತದೆ. ಗಬಗಬ ನುಂಗಿದರೆ ಅನ್ನ ದಾರಿ ತಪ್ಪುತ್ತದೆ, ಅದರ ಗುಣದೋಷ ತಿಳಿಯುವುದಿಲ್ಲ. ಆದರೆ ತೀರಾ ನಿಧಾನವನ್ನೂ ಚರಕ ಒಪ್ಪುವುದಿಲ್ಲ. ತುಂಬ ಹೊತ್ತು ಉಣ್ಣುವವನಿಗೆ ತೃಪ್ತಿಯಾಗದು, ಹೆಚ್ಚು ಉಣ್ಣುತ್ತಾನೆ, ಅನ್ನ ತಣ್ಣಗಾಗುತ್ತದೆ, ಪಚನ ಏರುಪೇರಾಗುತ್ತದೆ ಎಂಬ ನಾಲ್ಕು ಕಾರಣ ಕೊಡುತ್ತದೆ. ಒಂದು ಒಣದ್ರಾಕ್ಷಿಯನ್ನು ಐದು ನಿಮಿಷ ನಾಲಿಗೆಯ ಮೇಲೆ ಹೊರಳಿಸುವ ವಿಡಿಯೊ ಪಾಠ ಮಾಡಿ ನೋಡಲು ಚೆನ್ನಾಗಿದೆ, ದಿನದ ಊಟದ ಕ್ರಮ ಅದಲ್ಲ.

ಇನ್ನು ಅಜ್ಜನ ನೀರು. ಇರುವೆ ಬರದಿರಲಿ ಅಂತ ಎಂಬ ವಿವರಣೆಯನ್ನು ನೀವೂ ಕೇಳಿರುತ್ತೀರಿ. ನೆಲದ ಮೇಲೆ ಮುತ್ತುಗದ ಎಲೆ ಹಾಕಿಕೊಂಡು ಕೂತ ಕಾಲದಲ್ಲಿ ಆ ಉಪಯೋಗವೂ ಇದ್ದೀತು. ಆದರೆ ಅವರು ಹೇಳಿಕೊಳ್ಳುತ್ತಿದ್ದ ಮಂತ್ರ ಇರುವೆಯದಲ್ಲ. ಹಗಲಿನಲ್ಲಿ ‘ಸತ್ಯಂ ತ್ವರ್ತೇನ ಪರಿಷಿಂಚಾಮಿ’, ರಾತ್ರಿ ‘ಋತಂ ತ್ವಾ ಸತ್ಯೇನ ಪರಿಷಿಂಚಾಮಿ’. ಇವೆರಡೂ ನಿತ್ಯ ಮಾಡುವ ಅಗ್ನಿಹೋತ್ರ ಹೋಮದ ಮಂತ್ರಗಳು, ತೈತ್ತಿರೀಯ ಬ್ರಾಹ್ಮಣ ಎಂಬ ವೇದಭಾಗದಲ್ಲಿವೆ. ಸಂಜೆಗೆ ‘ಋತವಾದ ನಿನ್ನ ಸುತ್ತ ಸತ್ಯದಿಂದ ನೀರೆರೆಯುತ್ತೇನೆ’ ಎಂದು, ಬೆಳಗ್ಗೆಗೆ ಅದನ್ನೇ ತಿರುಗಿಸಿ. ಋತವೆಂದರೆ ಅಗ್ನಿ, ಸತ್ಯವೆಂದರೆ ಆ ಸೂರ್ಯ ಎಂದು ಅಲ್ಲೇ ಬಿಡಿಸಿ ಹೇಳಿದೆ. ಹೋಮದ ಬೆಂಕಿಯ ಸುತ್ತ ಬಿಡುತ್ತಿದ್ದ ನೀರನ್ನೇ ಎಲೆಯ ಸುತ್ತ ಬಿಡುತ್ತಾರೆ. ಅಂದಮೇಲೆ ಎದುರಿಗಿರುವುದು ಹೋಮದ್ರವ್ಯ, ಹೊಟ್ಟೆಯಲ್ಲಿರುವುದು ಅಗ್ನಿ, ಉಣ್ಣುವುದು ಆಹುತಿ.

ಇದರ ಮೂಲ ಛಾಂದೋಗ್ಯ ಉಪನಿಷತ್ತಿನ ಐದನೇ ಅಧ್ಯಾಯ. ಉದ್ದಾಲಕ ಆರುಣಿಯೂ ಇನ್ನೈದು ಮಂದಿ ದೊಡ್ಡ ಗೃಹಸ್ಥರೂ ಎಲ್ಲರೊಳಗೂ ಇರುವ ಆತ್ಮವಾದ ವೈಶ್ವಾನರ ಎಂದರೇನೆಂದು ತಿಳಿಯಲು ಕೇಕಯದ ರಾಜ ಅಶ್ವಪತಿಯ ಬಳಿಗೆ ಹೋಗುತ್ತಾರೆ. ಅವನು ಕೊನೆಗೆ ತರುವುದು ಊಟದ ಮಾತನ್ನು. ಎದೆಯೇ ವೇದಿ, ಅಲ್ಲಿನ ರೋಮವೇ ದರ್ಭೆ, ಹೃದಯ ಗಾರ್ಹಪತ್ಯ ಎಂಬ ಯಜ್ಞದ ಅಗ್ನಿ, ಬಾಯಿ ಆಹುತಿ ಹಾಕುವ ಆಹವನೀಯ ಅಗ್ನಿ; ಮೊದಲು ಬಂದ ಅನ್ನ ಹೋಮಕ್ಕೆ. ಪ್ರಾಣ ತೃಪ್ತವಾದರೆ ಕಣ್ಣು, ಕಣ್ಣಿನಿಂದ ಸೂರ್ಯ, ಸೂರ್ಯನಿಂದ ದ್ಯುಲೋಕ ಎಂದು ತೃಪ್ತಿ ಹರಡುತ್ತ ಹೋಗುತ್ತದೆ. ಇದನ್ನು ಅರಿಯದೆ ಹೋಮ ಮಾಡಿದರೆ ಕೆಂಡ ಸರಿಸಿ ಬೂದಿಯ ಮೇಲೆ ತುಪ್ಪ ಸುರಿದ ಹಾಗೆ ಎಂದು ಉಪನಿಷತ್ತು ಹೇಳುತ್ತದೆ. ‘ಅಹಂ ವೈಶ್ವಾನರೋ ಭೂತ್ವಾ’, ನಾನೇ ವೈಶ್ವಾನರ ಅಗ್ನಿಯಾಗಿ ದೇಹದೊಳಗಿದ್ದು ಅನ್ನ ಅರಗಿಸುತ್ತೇನೆ ಎಂಬ ಗೀತೆಯ 15ನೇ ಅಧ್ಯಾಯದ ಮಾತು ಇದರದೇ ಮುಂದುವರಿಕೆ.

ನನ್ನ ದೃಷ್ಟಿಯಲ್ಲಿ ನಿಮ್ಮ ಪ್ರಶ್ನೆಯ ಕೀಲಿ ಇಲ್ಲಿದೆ. ವಿಡಿಯೊದವರು ಗಮನವನ್ನು ರುಚಿಯ ಮೇಲೆ ಇಡಿ ಅನ್ನುತ್ತಾರೆ. ನಮ್ಮ ಹಿರಿಯರು ಗಮನವನ್ನು ನೇರವಾಗಿ ಕೇಳಲಿಲ್ಲ, ಮೊದಲು ಯಾರಿಗೆ ಕೊಡುತ್ತೀಯ ಎಂದು ಕೇಳಿದರು. ಕೊಡುವ ಕೆಲಸಕ್ಕೆ ಕೈಯನ್ನು ಹಚ್ಚಿದರು. ಕೈಗೆ ಕೆಲಸ ಸಿಕ್ಕಾಗ ಮನಸ್ಸು ತಾನಾಗಿ ಹಿಂದೆ ಬರುತ್ತದೆ.

ಈಗ ಕ್ರಮ. ಮನೆತನದಿಂದ ಮನೆತನಕ್ಕೆ ಸ್ವಲ್ಪ ವ್ಯತ್ಯಾಸ ಉಂಟು, ಸಾಮಾನ್ಯವಾಗಿ ಹೀಗೆ. ಕೈಕಾಲು ತೊಳೆದು, ಬಾಯಿ ಮುಕ್ಕಳಿಸಿ, ಪೂರ್ವಕ್ಕೆ ಮುಖ ಮಾಡಿ ಕೂರಬೇಕು. ಎಲೆಗೆ ಅನ್ನ ಬಿದ್ದು, ಅದರ ಮೇಲೆ ತುಪ್ಪ ಬಿದ್ದ ಮೇಲೆ ಬಲಗೈ ಬೊಗಸೆಯಲ್ಲಿ ಒಂದು ಉದ್ಧರಣೆ ನೀರು ತೆಗೆದುಕೊಂಡು ಮಂತ್ರ ಹೇಳುತ್ತ ಎಲೆಯ ಸುತ್ತ ಪ್ರದಕ್ಷಿಣವಾಗಿ ಬಿಡುವುದು, ಇದು ಪರಿಷೇಚನ. ಎಲೆಯ ಬಲಕ್ಕೆ ನೆಲದ ಮೇಲೆ ನಾಲ್ಕಾರು ಅಗುಳನ್ನು ಚಿತ್ರ, ಚಿತ್ರಗುಪ್ತ, ಯಮ, ಸರ್ವಭೂತ ಎಂದು ಹೆಸರಿಟ್ಟು ಬೇರೆಬೇರೆಯಾಗಿ ಇಡುವುದು ಚಿತ್ರಾಹುತಿ. ಆಮೇಲೆ ಅಂಗೈಯಲ್ಲಿ ಉದ್ದಿನಕಾಳು ಮುಳುಗುವಷ್ಟು ನೀರು ಹಾಕಿಕೊಂಡು ‘ಅಮೃತೋಪಸ್ತರಣಮಸಿ’ ಎಂದು ಸದ್ದಿಲ್ಲದೆ ಹೀರಬೇಕು. ಅನ್ನಕ್ಕೆ ಕೆಳಗೊಂದು ನೀರಿನ ಹಾಸು ಹಾಕಿದಂತಾಯಿತು.

ನಂತರ ದೇಹದೊಳಗಿನ ಐದು ಪ್ರಾಣವಾಯುಗಳಿಗೆ ಒಂದೊಂದು ತುತ್ತಿನಂತೆ ಐದು ಪ್ರಾಣಾಹುತಿ: ಪ್ರಾಣಾಯ ಸ್ವಾಹಾ, ಅಪಾನಾಯ ಸ್ವಾಹಾ, ವ್ಯಾನಾಯ ಸ್ವಾಹಾ, ಉದಾನಾಯ ಸ್ವಾಹಾ, ಸಮಾನಾಯ ಸ್ವಾಹಾ. ಉಪನಿಷತ್ತಿನ ಕ್ರಮದಲ್ಲಿ ಪ್ರಾಣದ ಹಿಂದೆಯೇ ವ್ಯಾನ ಬರುತ್ತದೆ, ಮನೆಗಳಲ್ಲಿ ರೂಢಿಯಾಗಿರುವುದು ಈ ಕ್ರಮ. ಎಡಗೈ ಎಲೆಯನ್ನು ಮುಟ್ಟಿಕೊಂಡಿರಲಿ. ಬೆರಳಿಗೂ ವಿಧಿಯಿದೆ. ಮೊದಲನೆಯದಕ್ಕೆ ಹೆಬ್ಬೆರಳಿನೊಂದಿಗೆ ತೋರುಬೆರಳು ಮತ್ತು ನಡುಬೆರಳು, ಎರಡನೆಯದಕ್ಕೆ ನಡುಬೆರಳು ಮತ್ತು ಉಂಗುರಬೆರಳು, ಮೂರನೆಯದಕ್ಕೆ ಉಂಗುರಬೆರಳು ಮತ್ತು ಕಿರುಬೆರಳು, ನಾಲ್ಕನೆಯದಕ್ಕೆ ಕಿರುಬೆರಳು ಮತ್ತು ತೋರುಬೆರಳು, ಐದನೆಯದಕ್ಕೆ ಎಲ್ಲ ಬೆರಳೂ. ಮೊಬೈಲ್ ಹಿಡಿದ ಕೈಯಲ್ಲಿ ಇದು ಸಾಧ್ಯವಿಲ್ಲ, ಬೇರೆ ಯೋಚನೆಯಲ್ಲಿದ್ದರೆ ನಾಲ್ಕನೆಯದಕ್ಕೇ ಬೆರಳು ತಪ್ಪುತ್ತದೆ. ಐದೂ ಮುಗಿಯುವ ತನಕ ಮೌನ. ಅಜ್ಜನವರು ಕೊನೆಯ ತನಕ ಮೌನ ಇಟ್ಟುಕೊಂಡಿದ್ದರೆ ಅದು ಇನ್ನೂ ಕಟ್ಟುನಿಟ್ಟಿನ ಪಾಲನೆ.

ಈ ಐದು ತುತ್ತಿಗೆ ಹಲ್ಲು ತಾಗಿಸಬಾರದು, ಹಾಗೇ ನುಂಗಬೇಕು. ಎಡವುವುದು ಇಲ್ಲೇ. ಮಾಮೂಲಿ ಗಾತ್ರದ ತುತ್ತು ತೆಗೆದುಕೊಂಡರೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ, ಒಣ ಅನ್ನವಾದರೆ ಕೆಮ್ಮು ಬರುತ್ತದೆ. ಶೇಂಗಾ ಬೀಜದಷ್ಟು, ಅಂದರೆ ಐದಾರು ಅಗುಳು, ತುಪ್ಪ ಸವರಿದ ಮೆತ್ತನೆ ಬಿಳಿ ಅನ್ನ ಸಾಕು. ಹುಳಿ, ಪಲ್ಯ ಕಲಸುವುದಕ್ಕೆ ಮುಂಚೆಯೇ ಇದು ಆಗಬೇಕು. ರೊಟ್ಟಿ, ಚಪಾತಿಯಲ್ಲಿ ಈ ನುಂಗುವ ನಿಯಮ ನಡೆಯುವುದಿಲ್ಲ, ಚೂರು ಅಗಿದೇ ತಿನ್ನಿ. ಮುದ್ದೆಗೆ ಆ ತೊಂದರೆಯೇ ಇಲ್ಲ, ಅದನ್ನು ಅಗಿಯುವವರನ್ನು ಕಂಡರೆ ಚಿತ್ರದುರ್ಗದ ಕಡೆ ನಗುತ್ತಾರೆ. ಇನ್ನೊಂದು ತಪ್ಪು ನೀರಿನದು. ಡೈನಿಂಗ್ ಟೇಬಲ್ಲಿನ ಮೇಲೆ ಬೊಗಸೆ ನೀರು ಬಿಟ್ಟರೆ ಅದು ತಟ್ಟೆಯ ಅಡಿಗೆ ಹೋಗಿ ತೊಡೆಯ ಮೇಲೆ ಸುರಿಯುತ್ತದೆ. ಅಲ್ಲಿ ಬೆರಳು ಅದ್ದಿ ಒಂದು ಸುತ್ತು ಎಳೆದರೆ ಸಾಕು. ಚಿತ್ರಾಹುತಿಯನ್ನು ಬಾಳೆಎಲೆ ಚೂರಿನ ಮೇಲಿಟ್ಟು, ಊಟವಾದ ಮೇಲೆ ಕಾಗೆಗೋ ಗುಬ್ಬಿಗೋ ಹಾಕಿ.

ಊಟದ ಕೊನೆಗೆ ‘ಅಮೃತಾಪಿಧಾನಮಸಿ’ ಎಂದು ಮತ್ತೆ ಅಷ್ಟೇ ನೀರು, ಇದು ಅನ್ನದ ಮೇಲಿನ ಮುಚ್ಚಳ. ಈ ಉತ್ತರಾಪೋಶನ ಆದ ಮೇಲೆ ಒಂದು ಅಗುಳನ್ನೂ ಬಾಯಿಗೆ ಹಾಕುವಂತಿಲ್ಲ. ಊಟ ಎಲ್ಲಿ ಮುಗಿಯಿತು ಎಂಬುದೇ ತಿಳಿಯದೆ, ಕೈ ತೊಳೆದ ಮೇಲೂ ಡಬ್ಬದಿಂದ ಚಕ್ಕುಲಿ ತೆಗೆಯುವ ನಮ್ಮ ಕಾಲಕ್ಕೆ ಇಡೀ ವಿಧಿಯಲ್ಲಿ ಅತ್ಯಂತ ಉಪಯುಕ್ತ ಭಾಗ ಇದೇ ಅನಿಸುತ್ತದೆ.

ಜನಿವಾರ ಇಲ್ಲದವರ ಪ್ರಶ್ನೆ. ವೇದಮಂತ್ರಕ್ಕೆ ಉಪನಯನ ಬೇಕೆಂಬುದು ಸಂಪ್ರದಾಯದ ನಿಲುವು. ಕೊಟ್ಟು ಉಣ್ಣುವುದಕ್ಕೆ ಯಾರ ಅಪ್ಪಣೆಯೂ ಬೇಡ. ಮಂತ್ರವಿಲ್ಲದೆ, ಮನೆದೇವರ ಹೆಸರಿನಲ್ಲಿ ಐದು ತುತ್ತು ಇಟ್ಟುಕೊಳ್ಳಬಹುದು. ನಮ್ಮ ಸೀಮೆಯ ರೈತರು ಸೀಗೆ ಹುಣ್ಣಿಮೆಯಂದು ಹೊಲಕ್ಕೆ ಬುತ್ತಿ ಒಯ್ದು, ಭೂಮಿತಾಯಿಗೆ ಎಡೆ ಇಟ್ಟು, ಬೆಳೆಯ ನಡುವೆ ಎಡೆಯ ಒಂದಿಷ್ಟನ್ನು ಚರಗ ಎಂದು ಚೆಲ್ಲಿ ಆಮೇಲೆ ಕೂತು ಉಣ್ಣುತ್ತಾರಲ್ಲ, ಅಲ್ಲಿ ಸಂಸ್ಕೃತದ ಒಂದಕ್ಷರವಿಲ್ಲ. ‘ಒಬ್ಬನೇ ಉಣ್ಣುವವನು ಪಾಪವನ್ನೇ ಉಣ್ಣುತ್ತಾನೆ’ ಎಂಬ ಋಗ್ವೇದದ ಮಾತನ್ನು ಅವರು ಓದದೆಯೇ ಪಾಲಿಸುತ್ತಾರೆ.

ನಿಮ್ಮ ಅತ್ತೆಯವರ ಕ್ರಮ ಇನ್ನೂ ಒಳಗಿನದು. ಲಿಂಗಾಯತ ಬೇರೆ ಧರ್ಮವೋ ಅಲ್ಲವೋ ಎಂಬ ಚರ್ಚೆ ಇಲ್ಲಿ ಬೇಡ, ಊಟದ ಮಟ್ಟಿಗೆ ಶರಣರು ಮಾಡಿದ್ದು ದೊಡ್ಡ ಕೆಲಸ. ಷಟ್‌ಸ್ಥಲ ಎಂಬ ಅವರ ಸಾಧನೆಯ ದಾರಿಯ ಆರು ಮೆಟ್ಟಿಲಲ್ಲಿ ಮೂರನೆಯದಕ್ಕೆ ಪ್ರಸಾದಿಸ್ಥಲ ಎಂದೇ ಹೆಸರು. ಲಿಂಗಕ್ಕೆ ಅರ್ಪಿಸುವ ತನಕ ಅದು ಬರೀ ಪದಾರ್ಥ, ಅರ್ಪಿಸಿದ ಮೇಲೆ ಪ್ರಸಾದ. ಅರ್ಪಿಸುವುದು ಬರೀ ಅನ್ನವನ್ನಲ್ಲ. ಮೂಗಿನಲ್ಲಿ ಆಚಾರಲಿಂಗ, ನಾಲಿಗೆಯಲ್ಲಿ ಗುರುಲಿಂಗ, ಕಣ್ಣಿನಲ್ಲಿ ಶಿವಲಿಂಗ, ಚರ್ಮದಲ್ಲಿ ಜಂಗಮಲಿಂಗ, ಕಿವಿಯಲ್ಲಿ ಪ್ರಸಾದಲಿಂಗ, ಹೃದಯದಲ್ಲಿ ಮಹಾಲಿಂಗ. ಗಂಧ, ರುಚಿ, ರೂಪ, ಸ್ಪರ್ಶ, ಶಬ್ದ, ತೃಪ್ತಿ ಈ ಆರನ್ನೂ ಆಯಾ ಲಿಂಗಕ್ಕೆ ಸಲ್ಲಿಸಬೇಕು.

ಒಂದು ತಟ್ಟೆ ಎದುರಿಗಿಟ್ಟುಕೊಂಡು ನೋಡಿ. ಖಡಕ್ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಗುರೆಳ್ಳು ಪುಡಿ, ಗಟ್ಟಿ ಮೊಸರು. ಮೊದಲು ಕಣ್ಣಿಗೆ ಬೀಳುವುದು ರೊಟ್ಟಿಯ ಮೇಲಿನ ಕಂದು ಚುಕ್ಕೆ, ಎಣ್ಣೆಗಾಯಿಯ ಅಂಚಿಗೆ ನಿಂತ ಕೆಂಪೆಣ್ಣೆ, ಅದು ಶಿವಲಿಂಗಕ್ಕೆ. ಹುರಿದ ಗುರೆಳ್ಳಿನ ವಾಸನೆ ಆಚಾರಲಿಂಗಕ್ಕೆ. ರೊಟ್ಟಿ ಮುರಿದಾಗ ಬರುವ ಚಟ್ ಎಂಬ ಸದ್ದು ಪ್ರಸಾದಲಿಂಗಕ್ಕೆ, ಬೆರಳಿಗೆ ತಾಗುವ ಒರಟು ಜಂಗಮಲಿಂಗಕ್ಕೆ, ಖಾರ ಮತ್ತು ಮೊಸರಿನ ಹುಳಿ ಗುರುಲಿಂಗಕ್ಕೆ. ಇನ್ನು ಸಾಕು ಎಂದು ಒಳಗೆ ಅನಿಸುವುದು ಮಹಾಲಿಂಗಕ್ಕೆ. ಮಗಳಿಗೆ ಇದನ್ನು ತೋರಿಸಿ. ಅವಳ ವಿಡಿಯೊದಲ್ಲಿ ಇರುವ ಐದು ಇಂದ್ರಿಯದ ಪಾಠವೂ ಇದೆ, ಅದರಲ್ಲಿ ಇಲ್ಲದ ಆರನೆಯದೂ ಇದೆ. ಹೆಚ್ಚಿನವರು ಓಂ ನಮಃ ಶಿವಾಯ ಎಂದು ಒಂದೇ ಉಸಿರಿಗೆ ಹೇಳಿ ರುಚಿಯೊಂದಕ್ಕೇ ನಿಲ್ಲುತ್ತಾರೆ. ಆರನ್ನೂ ಪ್ರತಿ ತುತ್ತಿಗೂ ಹುಡುಕಿದರೂ ಊಟ ಸಾಗುವುದಿಲ್ಲ. ಮೊದಲ ಆರು ತುತ್ತಿಗೆ ಒಂದೊಂದು ಎಂದುಕೊಂಡರೆ ಸುಲಭ.

ತಟ್ಟೆ ತೊಳೆದು ಕುಡಿಯುವುದೂ ಇದರ ಮುಂದುವರಿಕೆಯೇ. ಪ್ರಸಾದದಲ್ಲಿ ಚೆಲ್ಲುವ ಭಾಗ ಎಂಬುದಿಲ್ಲ. ನೀವೂ ಶುರು ಮಾಡುವುದಾದರೆ ಕೊನೆಗೆ ಮಜ್ಜಿಗೆ ಅನ್ನ ಉಂಡ ದಿನ ಮಾಡಿ, ತಟ್ಟೆಯಲ್ಲಿ ಎಣ್ಣೆ ಜಿಡ್ಡು ಇರುವುದಿಲ್ಲ. ಎರಡು ಗುಟುಕು ನೀರು ಹಾಕಿ, ಬೆರಳಿನಿಂದ ಸುತ್ತ ಸವರಿ ಕುಡಿದರಾಯಿತು. ಆದರೆ ಎಚ್ಚರ, ತಟ್ಟೆಯಲ್ಲಿ ಏನೂ ಬಿಡಬಾರದು ಎಂಬ ನಿಯಮ ನಮ್ಮ ಒತ್ತಾಯ ಮಾಡಿ ಬಡಿಸುವ ರೂಢಿಯ ಜೊತೆ ಸೇರಿದರೆ ಹೊಟ್ಟೆ ಕೆಡುತ್ತದೆ. ಕಲ್ಯಾಣಮಂಟಪಗಳಲ್ಲಿ ಬೇಡವೆಂದರೂ ಮೂರನೇ ಹೋಳಿಗೆ ಹಾಕುವುದು ಪ್ರೀತಿಯಲ್ಲ. ಬಿಡಬಾರದು ಎಂಬುದು ಮೊದಲು ಬಡಿಸುವವರ ಕೈಗೆ ಹಾಕಿದ ಕಟ್ಟು. ಚೆಲ್ಲಿದ ಅಕ್ಕಿ ಆಯ್ದು ದಾಸೋಹ ನಡೆಸುತ್ತಿದ್ದ ಶರಣ ಆಯ್ದಕ್ಕಿ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಹೆಂಡತಿ ಲಕ್ಕಮ್ಮ, ಈಸಕ್ಕಿಯಾಸೆ ನಿಮಗೇಕೆ ಎಂದು ವಾಪಸು ಕಳಿಸಿದಳು. ಅಳತೆ ಒಲೆ ಹಚ್ಚುವ ಮುಂಚೆಯೇ ಆಗಿಬಿಟ್ಟಿತ್ತು.

ಅಳತೆಗೆ ಅಷ್ಟಾಂಗಹೃದಯ ಎಂಬ ಆಯುರ್ವೇದ ಗ್ರಂಥದ ಸೂತ್ರ ಸರಳ: ಹೊಟ್ಟೆಯ ನಾಲ್ಕು ಪಾಲಿನಲ್ಲಿ ಎರಡು ಗಟ್ಟಿ ಆಹಾರಕ್ಕೆ, ಒಂದು ದ್ರವಕ್ಕೆ, ಒಂದು ಗಾಳಿಯಾಡಲು ಖಾಲಿ. ಹೊಟ್ಟೆಯೊಳಗೆ ಗೆರೆ ಹಾಕಿ ನೋಡಲು ಬರುವುದಿಲ್ಲವಾದ್ದರಿಂದ ಚರಕ ಗುರುತುಗಳನ್ನು ಕೊಡುತ್ತಾನೆ. ಹೊಟ್ಟೆ ಒತ್ತಿದಂತಾಗಬಾರದು, ಎದೆ ಕಟ್ಟಬಾರದು, ಪಕ್ಕೆ ಬಿರಿಯಬಾರದು, ಹಸಿವು ಬಾಯಾರಿಕೆ ಅಡಗಿರಬೇಕು, ಕೂರಲು, ನಡೆಯಲು, ಉಸಿರಾಡಲು, ನಗಲು, ಮಾತಾಡಲು ಹಿತವಾಗಿರಬೇಕು. ಎದ್ದ ಕೂಡಲೇ ಸೊಂಟದ ಬೆಲ್ಟು ಸಡಿಲಿಸಬೇಕಾದರೆ ಹೆಚ್ಚಾಯಿತು ಎಂದೇ ಲೆಕ್ಕ.

ಕೇಳದಿದ್ದರೂ ಒಂದು ಮಾತು ಹೇಳಬೇಕು. ಅಜ್ಜ ಮೌನವಾಗಿ ಉಣ್ಣುತ್ತಿದ್ದಾಗ ಅಜ್ಜಿ ಎಲ್ಲಿದ್ದರು? ಬಹುತೇಕ ಮನೆಗಳಲ್ಲಿ ಬಡಿಸಿ, ಎಲ್ಲರದೂ ಮುಗಿದ ಮೇಲೆ ತಣ್ಣಗಾದದ್ದನ್ನು ಅಡುಗೆಮನೆಯಲ್ಲಿ ನಿಂತೇ ಉಣ್ಣುವ ರೂಢಿ. ಅದಕ್ಕೆ ಶಾಸ್ತ್ರದ ಹೆಸರು ಹೇಳುವವರು ಮನುಸ್ಮೃತಿಯ ಮೂರನೇ ಅಧ್ಯಾಯ ನೋಡಲಿ. ಅತಿಥಿಗಳು, ಮನೆಯ ಆಳುಗಳು ಉಂಡ ಮೇಲೆ ಉಳಿದದ್ದನ್ನು ಗಂಡಹೆಂಡತಿ ಇಬ್ಬರೂ ಉಣ್ಣಬೇಕು ಎಂದಿದೆ. ಹೆಂಡತಿ ಗಂಡನ ನಂತರ ಎಂದಲ್ಲ. ಪಾತ್ರೆಗಳನ್ನೆಲ್ಲ ನಡುವೆ ಇಟ್ಟುಕೊಂಡು ಎಲ್ಲರೂ ಒಟ್ಟಿಗೆ ಕೂತರೆ ಬಡಿಸುವವರ ಅನ್ನವೂ ಬಿಸಿಯಾಗಿರುತ್ತದೆ. ಹೊಸದಾಗಿ ಮದುವೆಯಾಗಿ ಬಂದವರು, ಚಿಕ್ಕ ಹೆಣ್ಣುಮಕ್ಕಳು, ರೋಗಿಗಳು, ಗರ್ಭಿಣಿಯರಿಗೆ ಅತಿಥಿಗಿಂತಲೂ ಮೊದಲೇ, ಯೋಚಿಸದೆ ಬಡಿಸಬೇಕು ಎಂದೂ ಅಲ್ಲೇ ಇದೆ. ಮನೆಯಲ್ಲಿ ಇನ್ಸುಲಿನ್ ತೆಗೆದುಕೊಳ್ಳುವವರಿದ್ದರೆ ಡಾಕ್ಟರು ಹೇಳಿದ ಹೊತ್ತಿಗೆ ಅವರ ಊಟ ಆಗಲಿ, ಪಂಕ್ತಿ ಕೂಡಲಿ ಅಂತ ಕಾಯಿಸಬೇಡಿ.

ನಿಮ್ಮ ಡಬ್ಬಿಯ ಊಟಕ್ಕೆ ಇಷ್ಟು ಸಾಕು. ಕೈ ತೊಳೆಯಿರಿ, ಮೊಬೈಲನ್ನು ಗಲ್ಲಾ ಪೆಟ್ಟಿಗೆಯೊಳಗೆ ಇಡಿ. ಮಗುಚಿ ಪಕ್ಕದಲ್ಲಿಟ್ಟರೆ ಗುಂಯ್ ಎಂದಾಗ ಕೈ ಹೋಗೇ ಹೋಗುತ್ತದೆ. ಡಬ್ಬಿ ತೆರೆದು ಮುಚ್ಚಳದ ಮೇಲೆ ಒಂದು ಚೂರು ರೊಟ್ಟಿಯೋ ಅನ್ನವೋ ಎತ್ತಿಡಿ, ಅಂಗಡಿ ಮುಂದಿನ ನಾಯಿಗೋ ಹಕ್ಕಿಗೋ ಅದು. ಒಂದು ಗುಟುಕು ನೀರು. ಐದೋ ಆರೋ ತುತ್ತು, ತವರಿನ ಕ್ರಮದಲ್ಲಾಗಲಿ ಅತ್ತೆಯವರ ಕ್ರಮದಲ್ಲಾಗಲಿ, ಎರಡನ್ನೂ ಕಲಸಬೇಡಿ. ಅಲ್ಲಿಯ ತನಕ ಗಿರಾಕಿ ಕರೆದರೂ ಕೈಸನ್ನೆ. ಇದಕ್ಕೆ ಎರಡು ನಿಮಿಷ ಹಿಡಿಯದು. ಉಳಿದ ಊಟದಲ್ಲಿ ಒಂದೆರಡು ಮಾತು ಬಂದರೆ ಬರಲಿ. ಡಬ್ಬಿಗೆ ನೀರು ಹಾಕಿ ಕುಡಿದಿರೋ, ಊಟ ಮುಗಿಯಿತು. ಮನೆಯಲ್ಲಿ ರಾತ್ರಿ ಊಟ ಒಂದನ್ನು ಮಾತ್ರ ಹೀಗೆ ಮಾಡಿ, ಮೂರು ಹೊತ್ತೂ ಹಿಡಿಯಲು ಹೋದವರು ವಾರದಲ್ಲಿ ಬಿಡುತ್ತಾರೆ. ಮಗಳನ್ನು ಒತ್ತಾಯಿಸಬೇಡಿ, ಟಿ.ವಿ. ಆರಿಸಿ ನೀವು ಕೂತರೆ ಸಾಕು.

ಈ ವಿಧಿಯೆಲ್ಲ ಕೂತು ಉಣ್ಣುವ ಊಟಕ್ಕೆ. ಹೋಟೆಲಿನಲ್ಲಿ ಬೆಣ್ಣೆದೋಸೆ ಬಂದಾಗ ಮನಸ್ಸಿನಲ್ಲಿ ಶಿವ ಎಂದು ಬೆಣ್ಣೆ ಕರಗುವ ಮುಂಚೆ ಕೈ ಹಾಕಿ. ಸಂಜೆಯ ಮಂಡಕ್ಕಿ ಮೆಣಸಿನಕಾಯಿಗೆ ಪರಿಷೇಚನವೂ ಬೇಡ, ಮೌನವೂ ಬೇಡ. ಅದನ್ನು ನಾಲ್ಕು ಜನ ಸೇರಿ ಹರಟೆ ಹೊಡೆಯುತ್ತಲೇ ತಿನ್ನಬೇಕು.